ಮೇಲ್ಮನೆ ಗಿಟಾರು, ಕೆಳಮನೆ ಕಿಚ್ಚು

ಕಾಡುಗೋಡಿಯ ನಲ್ಲಪ್ಪನಿಗೆ ಗಿಟಾರಿನಿಂದ ಏನೂ ಗಿಟ್ಟಲಿಲ್ಲ ಎಂದು ಅವನ ನೆಂಟರೆಲ್ಲ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ವರ್ಷಕ್ಕೊಂದು ಶಾಲು, ಒಂದು ಹಣ್ಣಿನ ಬುಟ್ಟಿ, ರಾಜ್ಯೋತ್ಸವದ ಸಂಜೆ ಸ್ಟೇಜಿನ ನಟ್ಟನಡುವೆ ಹಾಡುವವರ ಪಕ್ಕದಲ್ಲಿ ನಿಲ್ಲುವ ಜಾಗ, ಇಷ್ಟು ಗಿಟ್ಟಿತ್ತು. ಶಾಲುಗಳನ್ನು ಅವನ ಹೆಂಡತಿ ವೇಣಿ ಬೀರುವಿನಲ್ಲಿ ಮಡಚಿಟ್ಟಳು. ಹಣ್ಣನ್ನು ಮಕ್ಕಳು ತಿಂದವು. ಸ್ಟೇಜಿನ ಮೇಲಿನ ಆ ಜಾಗವನ್ನು ಮಾತ್ರ ನಲ್ಲಪ್ಪ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಅಪ್ಪನಿಂದ ಬಂದ ಹೊಲವನ್ನು ಭಾಗ ಮಾಡಿ ಅಣ್ಣತಮ್ಮಂದಿರಿಗೆ ನಗುನಗುತ್ತಾ ಕೊಟ್ಟವನು, ಆ ನಾಲ್ಕು ಅಡಿ ಹಲಗೆಯ ವಿಷಯದಲ್ಲಿ ಮಾತ್ರ ಸರ್ವೆ ಕಲ್ಲು ನೆಟ್ಟ ಹಾಗೆ ನಿಂತಿದ್ದ.

ಹೊಲ ಅಂದೆನಲ್ಲ, ಅಪ್ಪ ಅಲ್ಲಿ ರಾಗಿ ಬೆಳೆಯುತ್ತಿದ್ದರು. ನಲ್ಲಪ್ಪ ಬಾಡಿಗೆ ಬೆಳೆಯುತ್ತಾನೆ. ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂರು ಮಹಡಿಯ ಕಟ್ಟಡ. ನೆಲಮಹಡಿಯಲ್ಲಿ ಅಂಗಡಿ, ಮೊದಲನೆಯದರಲ್ಲಿ ತಾನು, ಮೇಲೆಲ್ಲ ಬ್ರಹ್ಮಚಾರಿಗಳು. ಜೊತೆಗೆ ಟೆಕ್ ಪಾರ್ಕಿನ ಕಂಪನಿಗಳಿಗೆ ಓಡಿಸುವ ಕ್ಯಾಬುಗಳು. ಒಂದನ್ನು ತಾನೇ ಓಡಿಸುತ್ತಿದ್ದ. ಹಗಲೆಲ್ಲ ಡ್ರೈವ್, ಸಂಜೆ ಓವರ್‌ಡ್ರೈವ್.

ಗಿಟಾರು ಕಲಿತದ್ದು ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿನ ಹಂಚಿನ ಬಂಗಲೆಯೊಂದರಲ್ಲಿ. ಅಪ್ಪ ಅಲ್ಲಿಗೆ ಹಾಲು ಹಾಕುತ್ತಿದ್ದರು, ಕ್ಯಾನು ಹೊರಲು ಇವನು ಹೋಗುತ್ತಿದ್ದ. ಬಂಗಲೆಯ ಆಂಗ್ಲೋ ಇಂಡಿಯನ್ ಮುದುಕರು ವರಾಂಡದಲ್ಲಿ ಕೂತು ನುಡಿಸುವುದನ್ನು ಬಾಯಿಬಿಟ್ಟು ನೋಡಿ, ಕೊನೆಗೆ ಅವರಿಂದಲೇ ಮೂರು ಕಾರ್ಡು, ಅಂದರೆ ಒಟ್ಟಿಗೆ ಮೀಟುವ ಮೂರು ಸ್ವರಗುಚ್ಛ, ಕಲಿತ. ಮನೆಯಲ್ಲಿದ್ದ ರೇಷನ್ ಕಾರ್ಡೂ ಸೇರಿದರೆ ನಾಲ್ಕು. ಅಷ್ಟರಲ್ಲೇ ಅವನು ಕಾಡುಗೋಡಿಯ ಆರ್ಕೆಸ್ಟ್ರಾದಲ್ಲಿ ಮುಂದೆ ನಿಂತು ರಾಗ ನುಡಿಸುವ ಲೀಡ್ ಗಿಟಾರ್ ಆದ, ಯಾಕೆಂದರೆ ಆ ಕಾಲದಲ್ಲಿ ಕಾಡುಗೋಡಿಯಲ್ಲಿ ಇದ್ದದ್ದೇ ಒಂದು ಗಿಟಾರು.

ಎರಡನೆಯ ಗಿಟಾರು ಬಂದದ್ದು ಎರಡು ಸಾವಿರದ ಹನ್ನೆರಡರಲ್ಲಿ, ಎರಡನೆಯ ಮಹಡಿಗೆ.

ಅದರ ಒಡೆಯ ರಾಜೇಂದ್ರ. ಚಿಕ್ಕಬಾಣಾವರದ ಹುಡುಗ, ವೈಟ್‌ಫೀಲ್ಡಿನ ಒಂದು ಕಟ್ಟಡದಲ್ಲಿ ಏಸಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಬೆಂಗಳೂರಿನ ಆ ಮೂಲೆಯಿಂದ ಈ ಮೂಲೆಗೆ ದಿನಾ ಬಸ್ಸಿನಲ್ಲಿ ಓಡಾಡುವವನು ಸ್ವಂತ ಮನೆಯಲ್ಲೇ ಬಾಡಿಗೆದಾರನ ಹಾಗೆ ಬರೀ ಮಲಗಿ ಎದ್ದು ಹೋಗುತ್ತಾನೆ. ಅದಕ್ಕಿಂತ ನಿಜವಾದ ಬಾಡಿಗೆದಾರನಾಗುವುದೇ ಮೇಲು ಎಂದು ನಲ್ಲಪ್ಪನ ಮೇಲಿನ ಮನೆಗೆ ಬಂದ. ನಲ್ಲಪ್ಪ ಓನರ್ ಆದವನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದ: ಕುಡೀತೀಯಾ, ಫ್ರೆಂಡ್ಸು ಬರ್ತಾರಾ, ನೀರು ಜಾಸ್ತಿ ಚೆಲ್ತೀಯಾ. ಗಿಟಾರು ಇದೆಯಾ ಎಂದು ಮಾತ್ರ ಕೇಳಲಿಲ್ಲ. ಚೇಳಿದೆಯಾ ಎಂದು ಯಾರಾದರೂ ಕೇಳುತ್ತಾರೆಯೆ?

ಇಲ್ಲಿ ಓವರ್‌ಡ್ರೈವ್ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಎಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಸ್ಪೀಕರಿನ ಪೆಟ್ಟಿಗೆಗೆ ಸಿಕ್ಕಿಸಿದರೆ ಬರುವುದು ಸ್ಟೀಲ್ ಲೋಟಕ್ಕೆ ಚಮಚ ಬಡಿದ ಶಬ್ದ. ಅದಕ್ಕೊಂದು ಗಂಟಲು ಕೊಡುವುದು ಕಾಲಿನ ಹತ್ತಿರ ಇಟ್ಟುಕೊಳ್ಳುವ ಓವರ್‌ಡ್ರೈವ್ ಪೆಡಲು. ನೋಡಲು ದೊಡ್ಡ ಸೋಪಿನ ಡಬ್ಬದಂತಿರುತ್ತದೆ. ಒತ್ತಿದರೆ ಶಬ್ದ ಒಡೆದು ದಪ್ಪವಾಗುತ್ತದೆ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿದ ತರಕಾರಿ ಗಾಡಿಯವನ ದನಿಯಲ್ಲಿ ಒಂದು ಒರಟು ಇರುತ್ತದಲ್ಲ, ಆ ಥರ. ಅದಕ್ಕೆ ಮೂರು ತಿರುಪು. ಡ್ರೈವ್ ಅಂದರೆ ಶಬ್ದ ಎಷ್ಟು ಒಡೆಯಬೇಕು. ಟೋನ್ ಅಂದರೆ ಎಷ್ಟು ಚೂಪಾಗಬೇಕು. ಲೆವೆಲ್ ಅಂದರೆ ಅಕ್ಕಪಕ್ಕದವರು ಎಷ್ಟು ಬೈಯಬೇಕು. ನಲ್ಲಪ್ಪನ ಹತ್ತಿರ ಒಂದು ಹಳೇ ಕರಿ ಡಬ್ಬವಿತ್ತು. ಅದರ ಮೂರೂ ತಿರುಪು ಇಷ್ಟು ವರ್ಷ ಒಂದೇ ಕಡೆ ನೋಡುತ್ತಾ ನಿಂತಿದ್ದವು, ಅವನ ಹಾಗೆಯೇ.

ಒಂದು ಭಾನುವಾರ ಮಧ್ಯಾಹ್ನ ನಲ್ಲಪ್ಪ ಮುದ್ದೆ ಮುರಿಯುತ್ತಿದ್ದಾಗ ಮೇಲಿನಿಂದ ಗಿಟಾರು ಕೇಳಿಸಿತು. ಎಂಥ ಗಿಟಾರು! ಬೆಲ್ಲದ ಪಾಕ ಎಳೆ ಬಂದಾಗ ಸೌಟಿನಿಂದ ಇಳಿಯುತ್ತದಲ್ಲ, ಹಾಗೆ ಸ್ವರ ಸ್ವರಕ್ಕೆ ಅಂಟಿಕೊಂಡು ಇಳಿಯುತ್ತಿತ್ತು. ಎಲ್ಲೂ ಚುಚ್ಚುತ್ತಿರಲಿಲ್ಲ, ಎಲ್ಲೂ ಕಿರುಗುಟ್ಟುತ್ತಿರಲಿಲ್ಲ. ನಲ್ಲಪ್ಪನ ಕೈ ಸಾರಿನ ಬಟ್ಟಲಲ್ಲೇ ನಿಂತಿತು.

"ರೀ, ಎಷ್ಟು ಚೆನ್ನಾಗಿದೆ ಅಲ್ವಾ?" ಅಂದಳು ವೇಣಿ.

"ಯಾವ್ದೋ ಟೀವಿ ಕಣೇ."

"ಟೀವಿ ಅಲ್ಲ. ತಪ್ಪಾದಾಗ ನಿಲ್ಸಿ ಮತ್ತೆ ಶುರು ಮಾಡ್ತಿದಾನೆ ಕೇಳಿ. ಟೀವಿಲಿ ಯಾರು ತಪ್ಪು ಮಾಡ್ತಾರೆ? ಮೇಲಿನ ರಾಜೇಂದ್ರ."

"ತಪ್ಪು ಮಾಡ್ತಿದಾನೆ ಅಂತ ನೀನೇ ಹೇಳ್ತಿದೀಯಲ್ಲ."

"ತಪ್ಪೂ ಚೆನ್ನಾಗಿದೆ ಕಣ್ರೀ ಅವ್ನದು."

ಹದಿನೆಂಟು ವರ್ಷದ ದಾಂಪತ್ಯದಲ್ಲಿ ವೇಣಿ ನಲ್ಲಪ್ಪನ ಗಿಟಾರಿನ ಬಗ್ಗೆ ಹೇಳಿದ್ದ ಅತ್ಯಂತ ಒಳ್ಳೆಯ ಮಾತೆಂದರೆ "ಸದ್ಯ, ಮುಗೀತು." ನಮಗೆ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೊಟ್ಟೆಕಿಚ್ಚು ಮಹಾಪಾಪ ಎಂದು ಮೊಣಕಾಲೂರಿಸಿ ಕಲಿಸಿದ್ದರು. ನಲ್ಲಪ್ಪ ಓದಿದ್ದು ಸರ್ಕಾರಿ ಶಾಲೆಯಲ್ಲಿ. ಪಾಪ, ಅವನಿಗೆ ಇದು ಪಾಪ ಎಂದು ಗೊತ್ತಿರಲಿಲ್ಲ. ಹೊಟ್ಟೆಯ ತೊಂದರೆ ಇರಬೇಕು ಎಂದುಕೊಂಡು ಜೀರಿಗೆ ನೀರು ಕುಡಿದು ಮಲಗಿದ.

ಇಷ್ಟೇ ಆಗಿದ್ದರೆ ಜೀರಿಗೆ ಕೆಲಸ ಮಾಡುತ್ತಿತ್ತೇನೋ. ಮುಂದಿನ ವಾರ ಸಿದ್ದರಾಮಪ್ಪ ಬಂದ. ಅವನು ನಲ್ಲಪ್ಪನ ದೊಡ್ಡಪ್ಪನ ಮಗ, ಊರಿನ ಕನ್ನಡ ಸಂಘದ ಅಧ್ಯಕ್ಷ. ರಾಜ್ಯೋತ್ಸವದ ಪೆಂಡಾಲಿನಿಂದ ಹಿಡಿದು ಮೈಕಿನ ಎತ್ತರದವರೆಗೆ ಎಲ್ಲ ಅವನದೇ ತೀರ್ಮಾನ. ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲಿ ನಿಂತು ಒಮ್ಮೆ ನಲ್ಲಪ್ಪನನ್ನೂ ಒಮ್ಮೆ ಸೂರನ್ನೂ ನೋಡಿದ.

"ಏನ್ಲಾ ನಲ್ಲ, ನೀನು ಇಲ್ ಕುಂತಿದೀಯ. ಮೇಲೆ ಬಾರಿಸ್ತಿರೋದು ಯಾರ್ಲಾ?"

"ಬಾಡಿಗೆ ಹುಡ್ಗ ಅಣ್ಣ."

"ನೀನೇ ಅನ್ಕಂಡೆ. ಆಮೇಲೆ ಇಷ್ಟ್ ಚೆಂದಾಗ್ ಬತ್ತಾ ಐತಲ್ಲ, ಇವ್ನಿರಾಕಿಲ್ಲ ಅನ್ಕಂಡೆ."

ವೇಣಿ ಅಡುಗೆಮನೆಯಲ್ಲಿ ಕೆಮ್ಮಿದಳು. ನಕ್ಕಿದ್ದು ಎಂದು ನಲ್ಲಪ್ಪನಿಗೆ ಗೊತ್ತಾಯಿತು.

ಕಾಫಿ ಮುಗಿಯುವ ಹೊತ್ತಿಗೆ ಸಿದ್ದರಾಮಪ್ಪ ತೀರ್ಪು ಕೊಟ್ಟ. ಹಬ್ಬಕ್ಕೆ ಮುಂಚೆ ಸ್ಕೂಲಿನ ಹಾಲಿನಲ್ಲಿ ಪ್ರಾಕ್ಟೀಸು ಇಡುವುದು ವಾಡಿಕೆ. ಈ ಸಲ ಅಲ್ಲಿಗೆ ಇಬ್ಬರೂ ಬರಬೇಕು, ಒಂದೊಂದು ಹಾಡಿಗೆ ನುಡಿಸಬೇಕು. ಯಾರದು ಚೆನ್ನಾಗಿದೆಯೋ ಅವನು ಮುಂದೆ, ಇನ್ನೊಬ್ಬ ಹಿಂದೆ ಕೀಬೋರ್ಡಿನ ಪಕ್ಕ ಬರೀ ಕಾರ್ಡು ಹಿಡಿಯುವ ರಿದಮ್ಮು.

"ಇಬ್ರೂ ಮುಂದೆ ನಿಂತ್ರೆ ಏನಣ್ಣ?"

"ಯಾರ್ನ ನೋಡ್ಬೇಕು ಅಂತ ಜನುಕ್ಕೆ ಗೊತ್ತಾಗ್ಬೇಡ್ವೇನ್ಲಾ?"

ಹೀಗೆ ನಲ್ಲಪ್ಪನ ನಾಲ್ಕಡಿ ಜಾಗ ತಕರಾರಿಗೆ ಬಿತ್ತು.

ಬಾಡಿಗೆದಾರನ ಮನೆಗೆ ಯಾವಾಗ ಬೇಕಾದರೂ ನುಗ್ಗುವ ಹಕ್ಕು ಕಾನೂನಿನಲ್ಲಿ ಇಲ್ಲ, ಕಾಡುಗೋಡಿಯಲ್ಲಿ ಇದೆ. "ಬಾತ್‌ರೂಮು ಸೋರ್ತಿದೆ ಅನ್ಸುತ್ತೆ, ನೋಡ್ಬಿಡ್ತೀನಿ" ಎಂದು ನಲ್ಲಪ್ಪ ಹತ್ತಿದ. ಸೋರುತ್ತಿದ್ದದ್ದು ಅವನ ಸಮಾಧಾನ ಮಾತ್ರ. ಬಚ್ಚಲಿನ ಕಡೆ ನೋಡದೆ ಕೋಣೆಯ ನೆಲ ನೋಡಿದ. ಅಲ್ಲಿ ಒಂದು ಹಸಿರು ಡಬ್ಬ, ಒಂದು ಹಳದಿ ಡಬ್ಬ, ನಡುವೆ ಗೇಣುದ್ದದ ವೈರು.

"ಎರಡೆರಡು ಯಾಕೋ?"

"ಒಂದ್ರೊಳಗೆ ಇನ್ನೊಂದು ಹಾಕ್ತೀನಿ ಅಣ್ಣ. ಒಂದೇ ಆದ್ರೆ ಮಜಾ ಇಲ್ಲ."

"ಊಟಕ್ಕೂ ಹಂಗೇನಾ, ಎರಡೆರಡು ಸಾರು?"

"ಅಯ್ಯೋ, ನಂಗೆ ಒಂದೂ ಇರಲ್ಲ ಅಣ್ಣ. ಹೋಟ್ಲು." ಎಂದು ನಕ್ಕ. ಆ ನಗು ಕೂಡ ನಲ್ಲಪ್ಪನಿಗೆ ಹಿಡಿಸಲಿಲ್ಲ, ಹಲ್ಲು ಚೆನ್ನಾಗಿದ್ದವು.

ಮರುದಿನವೇ ಕ್ಯಾಬು ಸಿಟಿಗೆ ತಿರುಗಿತು. ಕಂಪನಿಯವರನ್ನು ಇಳಿಸಿ, ಒಂದು ಸಂಗೀತದಂಗಡಿಯ ಮುಂದೆ ನಿಲ್ಲಿಸಿ, "ಹಸಿರುದು ಕೊಡಿ ಸಾರ್" ಅಂದ. ಮನೆಗೆ ಬಂದು ಸಿಕ್ಕಿಸಿದ. ಮೂಗಿನಲ್ಲಿ ಮಾತಾಡುವ ಮೇಷ್ಟ್ರ ದನಿ ಬಂತು; ಕೆಳಗಿನ ಗುಡುಗೂ ಇಲ್ಲ, ಮೇಲಿನ ಮಿಂಚೂ ಇಲ್ಲ, ನಡುವಿನದೆಲ್ಲ ಉಬ್ಬಿಕೊಂಡಿತ್ತು. ಎರಡು ದಿನ ಬಿಟ್ಟು ಹೋಗಿ ಹಳದಿ ತಂದ. ಅದು ಮುಚ್ಚುಮರೆ ಇಲ್ಲದ ಜಾತಿ, ಹೆಚ್ಚು ಒತ್ತಿದರೆ ಜಗಳಕ್ಕೇ ಬರುತ್ತಿತ್ತು. ಎರಡನ್ನೂ ಬೇರೆ ಬೇರೆಯಾಗಿ ನುಡಿಸಿ ವೇಣಿಯನ್ನು ಕೇಳಿದ.

"ಹೇಗಿದೆ?"

"ಹಸಿ."

"ಹಸಿ ಅಂದ್ರೆ?"

"ಒಗ್ಗರಣೇಲಿ ಬೆಳ್ಳುಳ್ಳಿ ಹಸಿ ವಾಸನೆ ಬರುತ್ತಲ್ಲ, ಹಂಗೆ. ಅವ್ನದು ಬೆಂದಿರುತ್ತೆ."

ವೇಣಿಗೆ ಸಂಗೀತ ಗೊತ್ತಿಲ್ಲ, ಆದರೆ ಬೇಯುವುದು ಗೊತ್ತು. ನಲ್ಲಪ್ಪನೂ ಆಗ ಬೇಯುತ್ತಲೇ ಇದ್ದ. ಕಾಲ ಕೆಳಗೆ ಸ್ವಿಚ್ಚು, ಹೊಟ್ಟೆಯೊಳಗೆ ಕಿಚ್ಚು.

ಎರಡನ್ನೂ ಜೋಡಿಸಿದ. ಈಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ. ಹಳದಿ ಮೊದಲು ಹಸಿರು ಆಮೇಲೆ ಇಟ್ಟರೆ, ಹಳದಿ ಒಡೆದು ಹಾಕಿದ್ದನ್ನೆಲ್ಲ ಹಸಿರು ಗುಡಿಸಿ ಒಂದೆಡೆ ಗುಡ್ಡೆ ಹಾಕುತ್ತಿತ್ತು. ಅಚ್ಚುಕಟ್ಟಾಗಿತ್ತು, ಆದರೆ ಗುಡ್ಡೆಯೇ. ಹಸಿರು ಮೊದಲಿಟ್ಟ. ಅದರ ಡ್ರೈವ್ ಪೂರ್ತಿ ಇಳಿಸಿ, ಲೆವೆಲ್ ಏರಿಸಿದ. ಸ್ಟಾರ್ಟ್ ಆಗದ ಸುಮೋವನ್ನು ಹಿಂದಿನಿಂದ ನಾಲ್ಕು ಜನ ತಳ್ಳುತ್ತಾರೆ ನೋಡಿ, ತಳ್ಳುವವರು ಓಡಿಸುವುದಿಲ್ಲ, ಓಡುವ ಗಾಡಿ ತಳ್ಳುವುದಿಲ್ಲ. ಹಾಗೆ ಹಸಿರು ತಾನು ಒಡೆಯದೆ ಹಳದಿಯ ಬೆನ್ನಿಗೆ ಕೈಕೊಟ್ಟು ತಳ್ಳಿತು. ಹಳದಿ ಗುರ್ರೆಂದು ಹೊರಟಿತು. ಡ್ರೈವರ್ ನಲ್ಲಪ್ಪನಿಗೆ ಈ ಲೆಕ್ಕ ತಟ್ಟನೆ ಅರ್ಥವಾಯಿತು. ಅರ್ಥವಾದ ಖುಷಿ ಸೂರಿನಿಂದ ರಾಜೇಂದ್ರನ ಸ್ವರ ಇಳಿಯುವವರೆಗೆ ಇತ್ತು. ಇವನದು ಇನ್ನೂ ಹಸಿ. ಅವನದು ಅದೇ ಪಾಕ.

ಆಮೇಲಿನ ದಿನಗಳಲ್ಲಿ ನಲ್ಲಪ್ಪನ ಕಿವಿ ಸೂರಿಗೂ ಕೈ ತಿರುಪಿಗೂ ಅಂಟಿಕೊಂಡವು. ಮೇಲೆ ಒಂದು ಸಾಲು ಬಂದರೆ ಕೆಳಗೆ ಅದೇ ಸಾಲು ನುಡಿಸುವುದು, ಹೋಲಿಸುವುದು, ತಿರುಪನ್ನು ಎಳ್ಳಷ್ಟು ತಿರುಗಿಸುವುದು. ಹಸಿರಿನ ಟೋನ್ ಇಳಿಸಿದ. ಹತ್ತಿರ ಬಂತು. ಹಳದಿಯ ಟೋನೂ ಇಳಿಸಿದ. ಇನ್ನೂ ಹತ್ತಿರ. ಹಳೇ ಕರಿ ಡಬ್ಬವನ್ನು ಕೊನೆಗೆ ಸೇರಿಸಿ ಅದರ ಟೋನನ್ನಂತೂ ಪೂರ್ತಿ ಮುಚ್ಚಿಬಿಟ್ಟ. ಗಿಟಾರಿನ ಮೇಲಿನ ಗುಂಡಿಯನ್ನೂ ತಿರುಗಿಸಿ ಚೂಪನ್ನೆಲ್ಲ ಕತ್ತರಿಸಿದ. ಈ ನಡುವೆ ಅದು ಹೇಗೋ ಎರಡನೆಯ ಮಹಡಿಗೆ ನೀರು ಸ್ವಲ್ಪ ಸಣ್ಣಗೆ ಬರತೊಡಗಿತು. "ಮೋಟ್ರು ವೀಕಾಗಿದೆ" ಎಂದ ನಲ್ಲಪ್ಪ. ಮೋಟರು ಗಟ್ಟಿಯಾಗಿಯೇ ಇತ್ತು, ಮನಸ್ಸು ವೀಕಾಗಿತ್ತು.

ಒಂದು ಸಂಜೆ ಅವನು ಕಣ್ಣು ಮುಚ್ಚಿ ನುಡಿಸುತ್ತಿದ್ದಾಗ ಅಡುಗೆಮನೆಯಿಂದ ವೇಣಿಯ ದನಿ ಬಂತು.

"ರೀ, ಮೇಲಿನ ಹುಡ್ಗ ಇವತ್ತು ಬೇಗ ಬಂದ್ಬಿಟ್ನಾ? ನೀರು ಬಂತಾ ಅಂತ ಕೇಳ್ರೀ ಪಾಪ."

ಅವಳಿಗೆ ಕೇಳಿಸಿದ್ದು ನಲ್ಲಪ್ಪನ ಗಿಟಾರು. ಗಿಟಾರು ಕೆಳಗಿಟ್ಟು, ತಾನೇ ಎದ್ದು ಹೋಗಿ, ಮೋಟರು ಹಾಕಿ, ಟ್ಯಾಂಕು ತುಂಬಿ ಚೆಲ್ಲುವವರೆಗೂ ಬಿಟ್ಟ. ಗೆದ್ದವನಿಗೆ ಎಂಥ ಉದಾರತೆ!

ಪ್ರಾಕ್ಟೀಸಿನ ದಿನ ಸ್ಕೂಲಿನ ಹಾಲಿನಲ್ಲಿ ಡ್ರಮ್ಮು, ಕೀಬೋರ್ಡು, ಹಾಡುವವರು ಎಲ್ಲ ಸೇರಿದ್ದರು. ತಗ್ಗು ಸ್ವರ ನುಡಿಸುವ ಬೇಸ್ ಗಿಟಾರಿನವನೊಬ್ಬನೇ ಬೇಸರವಿಲ್ಲದೆ ಕೂತಿದ್ದ. ಅವನ ಜಾಗಕ್ಕೆ ಯಾರೂ ಪೈಪೋಟಿ ಇರಲಿಲ್ಲ. ಮೊದಲು ರಾಜೇಂದ್ರ. ಅವನು ಸ್ಪೀಕರಿನ ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಹಸಿರು ಒತ್ತಿ, ಹಳದಿ ಒತ್ತಿ, ಶುರು ಮಾಡಿದ.

ನಲ್ಲಪ್ಪ ಬೆಚ್ಚಿಬಿದ್ದ. ಇದಲ್ಲ! ಬಂದದ್ದು ಚೂಪು ಸ್ವರ, ಟಗರಿನ ಕೊಂಬಿನ ಹಾಗೆ ನೇರ ಎದೆಗೆ ಗುಮ್ಮುವಂಥದ್ದು. ಪಾಕ ಎಲ್ಲಿ? ಎಳೆ ಎಲ್ಲಿ? ತನಗೆ ಗೊತ್ತಾಗಬಾರದೆಂದು ಹುಡುಗ ತಿರುಪುಗಳನ್ನು ಬದಲಾಯಿಸಿಕೊಂಡು ಬಂದಿದ್ದಾನೆ ಎಂದು ಅನುಮಾನ ಬಂತು. ಹಾಡು ಮುಗಿದದ್ದೇ ಹೋಗಿ ಬಗ್ಗಿ ನೋಡಿದ. ಅಂದು ಕೋಣೆಯಲ್ಲಿ ನೋಡಿದ್ದ ಹಾಗೆಯೇ ಇದ್ದವು.

"ಮನೇಲಿ ಬೇರೆ ಥರ ಬರುತ್ತಲ್ಲೋ ನಿಂದು!"

"ಇಲ್ಲಣ್ಣ, ಮನೇಲೂ ಇದೇ. ಅಲ್ಲಿ ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ ಪೆಟ್ಟಿಗೇನ ನೆಲಕ್ಕೆ ಬೋರಲು ಹಾಕಿ, ಮೇಲೆ ರಜಾಯಿ ಹೊದಿಸ್ತೀನಿ. ಅಷ್ಟೆ."

ನೆಲಕ್ಕೆ ಬೋರಲು. ನೆಲ ಎಂದರೆ ಹುಡುಗನಿಗೆ ನೆಲ, ನಲ್ಲಪ್ಪನಿಗೆ ಸೂರು. ನಡುವೆ ಇರುವುದು ಕಾಂಕ್ರೀಟಿನ ಮೋಲ್ಡಿಂಗು. ಆ ಮೋಲ್ಡಿಂಗು ಹಾಕಿಸುವಾಗ ಮೇಸ್ತ್ರಿ ಐದಿಂಚು ಸಾಕು ಎಂದಿದ್ದ. ನಲ್ಲಪ್ಪ "ನಮ್ಮನೇದು ಗಟ್ಟಿ ಇರ್ಬೇಕು ಕಣಯ್ಯಾ" ಎಂದು ನಿಂತು, ಜಗಳವಾಡಿ, ದಪ್ಪ ಹಾಕಿಸಿದ್ದ. ಹುಡುಗನ ಚೂಪನ್ನೆಲ್ಲ ಕುಡಿದು, ಬೇಯಿಸಿ, ಪಾಕ ಮಾಡಿ ಕೆಳಗೆ ಇಳಿಸುತ್ತಿದ್ದದ್ದು ಆ ಕಾಂಕ್ರೀಟು. ಇಷ್ಟು ದಿನ ಅವನು ಹೊಟ್ಟೆ ಉರಿದುಕೊಂಡದ್ದು ತನ್ನ ಮನೆಯ ತಾರಸಿಯ ಮೇಲೆ.

"ಏನ್ಲಾ ನಲ್ಲ, ನಿಂತ್ಕಂಡೇ ನಿದ್ದೆನಾ? ಬಾರಿಸು" ಎಂದ ಸಿದ್ದರಾಮಪ್ಪ.

ನಲ್ಲಪ್ಪ ಹಸಿರು, ಹಳದಿ, ಕರಿ ಮೂರನ್ನೂ ಒತ್ತಿದ. ನುಡಿಸಿದ. ಅವನ ಕಿವಿಗೆ ಅದು ಅಮೃತವಾಗಿತ್ತು. ಆದರೆ ಡ್ರಮ್ಮು ಬಡಿಯಿತು, ಕೀಬೋರ್ಡು ತುಂಬಿಕೊಂಡಿತು, ಹಾಡುವವನು ಬಾಯಿ ತೆರೆದ. ಪಾಕವೆಲ್ಲ ಆ ಗದ್ದಲದೊಳಗೆ ಕರಗಿ ಹೋಯಿತು. ಹಾಡು ಮುಗಿದ ಮೇಲೆ ಬೇಸ್‌ನವನು ಕೇಳಿದ, "ಅಣ್ಣ, ನನ್ ಪಾರ್ಟು ನೀವ್ಯಾಕೆ ನುಡಿಸ್ತಿದ್ರಿ?"

"ನಿಂದು ಕೇಳುಸ್ಲೇ ಇಲ್ವಲ್ಲೋ" ಎಂದ ಸಿದ್ದರಾಮಪ್ಪ. "ಕೈ ಆಡ್ತಿತ್ತು, ಶಬ್ದ ಇಲ್ಲ. ಟೀವಿ ಮ್ಯೂಟ್ ಮಾಡ್ದಂಗೆ. ಇನ್ನೊಂದ್ ಸಲ ಬೇಕಾರೆ ನೋಡು."

ನಲ್ಲಪ್ಪ ಬಗ್ಗಿದ. ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕರಿ ಡಬ್ಬ ಬಿಟ್ಟು, ಹಳದಿಯ ಟೋನನ್ನು ಅರ್ಧ ತಿರುಗಿಸಿದರೆ ಸ್ವರ ಎದ್ದು ಮುಂದೆ ಬರುತ್ತದೆ. ಆ ಹುಡುಗನಿಗಿಂತ ಚೂಪಾಗಿಯೇ ಬರುತ್ತದೆ. ಜಾಗ ಉಳಿಯುತ್ತದೆ. ಬೆರಳು ತಿರುಪಿನ ಮೇಲೆ ಕೂತಿತು. ಆದರೆ ತಿರುಗಿಸಿದರೆ ಬರುವುದು ಏನೆಂದೂ ಗೊತ್ತಿತ್ತು: ಹಸಿ. ಇಡೀ ಜನ್ಮದಲ್ಲಿ ಮೊದಲ ಸಲ ತನ್ನ ಕೈಯಿಂದ ಬೆಂದ ಸ್ವರ ಬಂದಿದೆ, ವೇಣಿಯ ಕಿವಿಯೇ ಅದಕ್ಕೆ ಸಾಕ್ಷಿ. ತಿರುಪು ಅಲ್ಲೇ ಉಳಿಯಿತು.

"ಇರ್ಲಿ ಬಿಡಣ್ಣ" ಅಂದ.

ಹೇಳಿದ ತಕ್ಷಣ, ಯಾಕಾದರೂ ಹೇಳಿದೆನೋ ಅನಿಸಿತು. ಅಷ್ಟರಲ್ಲಿ ರಾಜೇಂದ್ರ ಮುಂದೆ ಹೋಗಿ ನಿಂತಾಗಿತ್ತು.

ಆಮೇಲೆ ನಡೆದದ್ದು ಇನ್ನೂ ಕಷ್ಟದ್ದು. ಹಿಂದೆ ಕೀಬೋರ್ಡಿನ ಪಕ್ಕ ನಿಂತು ನಲ್ಲಪ್ಪ ಬರೀ ಕಾರ್ಡು ಹಿಡಿದ, ಮುಂದೆ ಹುಡುಗ ಲೀಡು ನುಡಿಸಿದ. ಒಮ್ಮೆಲೇ ಹಾಲಿನಲ್ಲಿ ಓಡಾಡುತ್ತಿದ್ದವರು ನಿಂತರು. ಹುಡುಗನ ಚೂಪಿಗೆ ಇವನ ದಪ್ಪ ಕೆಳಗಿನಿಂದ ಹೆಗಲು ಕೊಟ್ಟಿತ್ತು. ಕೊಂಬಿಗೆ ಟಗರು ಸಿಕ್ಕ ಹಾಗೆ. ಹಸಿರು ಹಳದಿಯನ್ನು ತಳ್ಳುತ್ತಿತ್ತಲ್ಲ, ಅದೇ ಲೆಕ್ಕ. ಈಗ ತಳ್ಳುವವನು ನಲ್ಲಪ್ಪ.

"ಈಗ ನೋಡ್ರಪ್ಪಾ!" ಎಂದು ಸಿದ್ದರಾಮಪ್ಪ ತೊಡೆ ತಟ್ಟಿದ. "ಮುಂದೆ ನಿಲ್ಸಿದ್ ತಕ್ಷಣ ಹುಡ್ಗ ಎಂಗ್ ಬಾರುಸ್ತಾ ಅವ್ನೆ!"

ನಲ್ಲಪ್ಪ ಬಗ್ಗಿ ಪೆಡಲುಗಳನ್ನು ಒಂದೊಂದಾಗಿ ಆರಿಸಿದ. ಏನೆಂದು ಹೇಳುವುದು? ಅದರಲ್ಲಿ ಅರ್ಧ ನಂದು ಎಂದರೆ ಯಾರು ನಂಬುತ್ತಾರೆ? ಗಾಡಿ ಹೊರಟ ಮೇಲೆ ತಳ್ಳಿದವರ ಮುಖ ಯಾರು ನೋಡುತ್ತಾರೆ?

ಮೊದಲ ಹೊಟ್ಟೆಕಿಚ್ಚೇ ವಾಸಿ ಇತ್ತು. ಆಗ ಹುಡುಗನ ಹತ್ತಿರ ಇದ್ದದ್ದು ತನ್ನ ಹತ್ತಿರ ಇಲ್ಲವಲ್ಲ ಎಂಬ ಸಂಕಟ. ಈಗ ಹುಡುಗನ ಹತ್ತಿರ ಇರುವುದೇ ತನ್ನದಲ್ಲವೇ ಎಂಬ ಸಂಕಟ. ಹಬ್ಬದವರೆಗೂ ನಲ್ಲಪ್ಪ ಅನ್ನ ಬಿಡಲಿಲ್ಲ, ಆದರೆ ಅನ್ನದ ರುಚಿ ಅವನನ್ನು ಬಿಟ್ಟಿತ್ತು. ರಾಜೇಂದ್ರ ಮೆಟ್ಟಿಲಲ್ಲಿ ಸಿಕ್ಕಾಗ "ಅಣ್ಣ, ನಿಮ್ ಸೌಂಡು ಸಕ್ಕತ್ತಾಗಿದೆ, ಅದ್ಯಾವ್ದು ಕೊನೇ ಪೆಡಲು?" ಎಂದು ಕೇಳಿದ. ನಲ್ಲಪ್ಪ "ಹಳೇದು. ಈಗ ಸಿಗಲ್ಲ" ಎಂದು ಬಾಗಿಲು ಹಾಕಿಕೊಂಡ. ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಪಾಪದ ಹುಡ್ಗ ಕಣ್ರೀ, ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು?" ಎಂದಳು ವೇಣಿ.

"ಮುಂದಿನ ಜಾಗ ಹೋಯ್ತು. ಹಿಂದಿಂದೂ ಕೊಡ್ಲಾ?"

ರಾಜ್ಯೋತ್ಸವದ ಸಂಜೆ ಕಾಡುಗೋಡಿಯ ಮುಖ್ಯರಸ್ತೆಯ ಪಕ್ಕ ಸ್ಟೇಜು. ಹಳದಿ ಕೆಂಪು ಬಾವುಟ, ಪ್ಲಾಸ್ಟಿಕ್ ಕುರ್ಚಿ, ಬಸ್ಸು ಹೋದಾಗಲೆಲ್ಲ ಅಲುಗುವ ಪೆಂಡಾಲು. ಮುಂದಿನ ಸಾಲಿನಲ್ಲಿ ವೇಣಿ, ಪಕ್ಕದಲ್ಲಿ ಬೀದಿಯ ಹೆಂಗಸರು. ರಾಜೇಂದ್ರ ಮುಂದೆ ನಿಂತು ನುಡಿಸುತ್ತಿದ್ದ. ಪ್ರತಿ ಹಾಡಿಗೂ ಶಿಳ್ಳೆ. ಪ್ರತಿ ಶಿಳ್ಳೆಗೂ ನಲ್ಲಪ್ಪನ ಹೊಟ್ಟೆಯಲ್ಲಿ ಒಂದು ತಿರುಪು ಬಲಕ್ಕೆ ತಿರುಗುತ್ತಿತ್ತು. ಹಾಡಿನ ನಡುವೆ ಸಿದ್ದರಾಮಪ್ಪ ಮೈಕು ಹಿಡಿದು, "ಚಿಕ್ಕಬಾಣಾವರದ ಕಲಾವಿದ, ಈಗ ನಮ್ಮೂರಿನ ಹೆಮ್ಮೆ!" ಎಂದ. ನಮ್ಮೂರು! ಈ ನೆಲದಲ್ಲಿ ರಾಗಿ ಬಿತ್ತಿದ ಮನೆತನದವನು ಕೀಬೋರ್ಡಿನ ಮರೆಯಲ್ಲಿ ನಿಂತಿದ್ದ.

ಮುಂದಿನ ಹಾಡಿನ ನಟ್ಟನಡುವೆ, ಹುಡುಗನ ದೊಡ್ಡ ಲೀಡು ಏರುತ್ತಿದ್ದ ಹೊತ್ತಿಗೆ, ನಲ್ಲಪ್ಪ ಎರಡೂ ಕೈಯನ್ನು ತಂತಿಯಿಂದ ಎತ್ತಿಬಿಟ್ಟ. ಈಗ ಗೊತ್ತಾಗಲಿ ಎಲ್ಲರಿಗೂ.

ಸ್ವರದ ಕೆಳಗಿನ ಹಾಸುಗಲ್ಲು ಎಳೆದ ಹಾಗಾಯಿತು. ಹುಡುಗನ ಲೀಡು ಒಂಟಿಯಾಗಿ, ಸಣಕಲಾಗಿ, ಸೊಳ್ಳೆಯ ಹಾಗೆ ಮೇಲೆ ಹಾರಾಡಿತು. ನಲ್ಲಪ್ಪ ಜನರ ಕಡೆ ನೋಡಿದ.

ಜನರಿಗೆ ಏನೂ ಗೊತ್ತಾಗಲಿಲ್ಲ. ಶಿಳ್ಳೆ ಮುಂಚಿನಷ್ಟೇ ಜೋರಾಗಿತ್ತು. ಸಿದ್ದರಾಮಪ್ಪ ತಾಳ ಹಾಕುತ್ತಲೇ ಇದ್ದ, ಅದೂ ತಪ್ಪುತಪ್ಪಾಗಿ. ಇಷ್ಟು ದಿನದ ಹೋಲಿಕೆ, ಜೋಡಣೆ, ತಿರುಪಿನ ಎಳ್ಳಷ್ಟು ಲೆಕ್ಕ, ಎಲ್ಲ ಈ ಊರಿಗೆ ಇಷ್ಟೇ. ವೇಣಿ ಮಾತ್ರ ಮಾತು ನಿಲ್ಲಿಸಿ ತಲೆಯೆತ್ತಿ ನೇರ ಅವನ ಕಡೆ ನೋಡಿದಳು. ಸಾರಿಗೆ ಉಪ್ಪು ಹಾಕಲು ಮರೆತಾಗ ಅವಳ ಮುಖ ಹಾಗಾಗುತ್ತಿತ್ತು.

ಇನ್ನೊಬ್ಬನಿಗೆ ಗೊತ್ತಾಯಿತು. ರಾಜೇಂದ್ರ ನುಡಿಸುತ್ತಲೇ ಹಿಂದಕ್ಕೆ ತಿರುಗಿದ. ಮುಖ ಬಿಳಿಚಿಕೊಂಡಿತ್ತು. ನಲ್ಲಪ್ಪನ ಎತ್ತಿದ ಕೈ ನೋಡಿದ, ಮುಖ ನೋಡಿದ. ಬೈಯಲಿಲ್ಲ. ನುಡಿಸುತ್ತಾ ಒಂದೊಂದೇ ಹೆಜ್ಜೆ ಹಿಂದೆ ಸರಿದು ಸರಿದು, ವೈರು ಎಳೆಯುವಷ್ಟು ಎಳೆಸಿಕೊಂಡು, ನಲ್ಲಪ್ಪನ ಪಕ್ಕಕ್ಕೇ ಬಂದು ನಿಂತ.

"ಅಣ್ಣ, ಏನಾಯ್ತಣ್ಣ? ತಂತಿ ಹೋಯ್ತಾ? ನೀವಿಲ್ದೆ ನಂದೇನೂ ಇಲ್ಲ ಅಣ್ಣ ಇಲ್ಲಿ. ಬೇಗ ಬನ್ನಿ!"

ಮುಂದೆ, ನಟ್ಟನಡುವೆ, ನಾಲ್ಕಡಿ ಜಾಗ ಖಾಲಿಯಾಗಿ ಬೆಳಕಿನಲ್ಲಿ ಬಿದ್ದಿತ್ತು. ನಲ್ಲಪ್ಪನಿಗೂ ಅದಕ್ಕೂ ನಡುವೆ ಈಗ ಯಾರೂ ಇರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಸಾಕು. ಆದರೆ ಅವನು ಅಲ್ಲಿ ಹೋಗಿ ನಿಂತರೆ ಹಿಂದೆ ಈ ಸ್ವರ ಹಿಡಿಯುವವರು ಯಾರು?

"ಲೋ! ಯಾವನಾದ್ರೂ ಒಬ್ಬ ಮುಂದಕ್ ಬರ್ರೋ!" ಸಿದ್ದರಾಮಪ್ಪ ಪಕ್ಕದಿಂದ ಕೂಗಿದ. "ಜನ ಯಾರ್ನ ನೋಡ್ಬೇಕು?"

ನಲ್ಲಪ್ಪ ಆ ಜಾಗವನ್ನೊಮ್ಮೆ ನೋಡಿದ. ಹುಡುಗನ ಬೆವೆತ ಮುಖ ನೋಡಿದ. ಕೈ ತಂತಿಯ ಮೇಲೆ ಇಳಿಯಿತು, ಪಾಕ ಮತ್ತೆ ಹರಿಯಿತು.

"ಹೋಗೋ ಮುಂದೆ" ಅಂದ. "ನಾನ್ ಬಿಡಲ್ಲ, ಹೋಗು."

ರಾಜೇಂದ್ರ ಓಡಿದ. ಸ್ವರಕ್ಕೆ ಮತ್ತೆ ಮೈ ಬಂತು. ಶಿಳ್ಳೆ ಬಂತು, ಅದು ಹುಡುಗನಿಗೇ ಬಂತು. ವೇಣಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಹಿಂದುಗಡೆ ಕೀಬೋರ್ಡಿನ ಕಡೆ ಬೆರಳು ತೋರಿಸಿದಳು. ಆ ಹೆಂಗಸು ಕತ್ತು ಚಾಚಿ ಹುಡುಕಿದಳು, ನಲ್ಲಪ್ಪ ಸಿಕ್ಕಂತೆ ಕಾಣಲಿಲ್ಲ. ಅವನು ಲೆಕ್ಕ ತಪ್ಪದೆ ಕಾರ್ಡು ಹಿಡಿಯುತ್ತಾ ಮುಂದಿನ ಬೆಳಕಿನಲ್ಲಿ ನಿಂತವನ ಬೆನ್ನನ್ನೇ ನೋಡುತ್ತಿದ್ದ. ಹುಡುಗ ಹಾಕಿಕೊಂಡು ಬಂದಿದ್ದ ಶರ್ಟು ಕೂಡ ಇಷ್ಟು ಚೆನ್ನಾಗಿದೆಯಲ್ಲ ಎಂದು ಅವನ ಕಣ್ಣಿಗೆ ಬಿದ್ದದ್ದು ಆಗಲೇ.